ಸಂಕೇತದ ಶಿಷ್ಟತೆ ಮತ್ತು ಬಳಕೆದಾರರ ಬೇಡಿಕೆ: ಮಾಯಕೊಂಡ ಸೀಮೆಯಿಂದ ಕಂಡ ಕನ್ನಡ ಗಣಕಲಿಪಿಯ ಚರಿತ್ರೆ

ಕನ್ನಡ ಲಿಪಿಗೆ ಗಣಕದಲ್ಲಿ ಎರಡು ಶಿಷ್ಟ ಸಂಕೇತಗಳು ಒಂದೇ ವರ್ಷ ದೊರೆತವು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 13194 ಎಂಬ ಸಂಖ್ಯೆಯಡಿ ಇಸ್ಕಿ ಸಂಕೇತವನ್ನು ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದು, ಇಸ್ಕಿಯ 1988ರ ರೂಪವನ್ನು ಆಧರಿಸಿದ 128 ಸ್ಥಾನಗಳ ಖಂಡವೊಂದನ್ನು ಕನ್ನಡಕ್ಕೆ ಮೀಸಲಿಟ್ಟಿತು. ಇಷ್ಟಾದರೂ ದಾವಣಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಯಕೊಂಡದಂತಹ ಊರಿನಲ್ಲಿ ಸಾಮಾನ್ಯ ಬಳಕೆದಾರರು ಯೂನಿಕೋಡ್ ಕನ್ನಡವನ್ನು ದಿನವೂ ಓದಿ ಬರೆಯುವ ಸ್ಥಿತಿ ಬರಲು ಎರಡು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಈ ಅಂತರಕ್ಕೆ ಸರ್ಕಾರದ ವಿಳಂಬವೇ ಕಾರಣವೆಂಬ ವಿವರಣೆ ಕನ್ನಡ ಗಣಕ ಕುರಿತ ಬರಹಗಳಲ್ಲಿ ರೂಢವಾಗಿದೆ. ಅದರಲ್ಲಿ ಸತ್ಯಾಂಶವಿದ್ದರೂ ಅದು ಸಾಲದು. ಶಿಷ್ಟತೆಯನ್ನು ಬಳಕೆದಾರರು ಬೇಡುವುದಿಲ್ಲ. ಅವರು ಬೇಡುವುದು ಪಹಣಿಯನ್ನು, ಮದುವೆಯ ಕರೆಯೋಲೆಯನ್ನು, ಮಗಳು ಕಳಿಸಿದ ಸಂದೇಶವನ್ನು. ಈ ಬೇಡಿಕೆಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಸಂಕೇತಗಳನ್ನು ಬೆಳೆಸಿದವು ಎಂಬುದನ್ನೂ, ಅದರ ಭಾಷಿಕ ಪರಿಣಾಮ ಇಂದಿಗೂ ನಮ್ಮ ಪಠ್ಯಕೋಶಗಳಲ್ಲಿ ಉಳಿದಿದೆ ಎಂಬುದನ್ನೂ ಇಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

ಮಾಯಕೊಂಡವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಅದು ಹದಿನೆಂಟನೆಯ ಶತಮಾನದ ನಡುವಿನಲ್ಲಿ ಚಿತ್ರದುರ್ಗದ ಮದಕರಿನಾಯಕನೊಬ್ಬ ಮಡಿದ ಯುದ್ಧಭೂಮಿ. ರೈಲಿನಲ್ಲಿ ಹೋಗುವವರಿಗೆ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಒಂದು ನಿಲ್ದಾಣ. ನಮ್ಮ ವಿಷಯಕ್ಕೆ ಮುಖ್ಯವಾದುದು ಅದರ ಸ್ಥಾನ. ರೈತ ಹೋಬಳಿಯಲ್ಲಿದ್ದಾನೆ, ದಾಖಲೆ ತಾಲ್ಲೂಕು ಕಚೇರಿಯಲ್ಲಿದೆ, ಮುದ್ರಣಾಲಯ ದಾವಣಗೆರೆಯ ಪೇಟೆಯಲ್ಲಿದೆ. 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಎಂಬ ಮೂರು ಜಿಲ್ಲೆಗಳ ತಾಲ್ಲೂಕುಗಳನ್ನು ಸೇರಿಸಿ ದಾವಣಗೆರೆ ಜಿಲ್ಲೆಯನ್ನು ರಚಿಸಿದಾಗ, ಮೂರು ಆಡಳಿತಗಳ ಕಾಗದಪತ್ರಗಳೂ ಮೂರು ಬಗೆಯ ಬರಹದ ರೂಢಿಗಳೂ ಒಂದೆಡೆ ಸೇರಿದವು. ಕಾಗದದಿಂದ ಗಣಕಕ್ಕೆ ದಾಟುವ ಕಾಲವೂ ಅದೇ ಆಗಿತ್ತು.

ಅಕ್ಷರವೋ, ಅಕ್ಷರದ ಚೂರೋ

ಮುಂದಿನ ಚರ್ಚೆಗೆ ತಾಂತ್ರಿಕ ಭೇದವೊಂದು ಅಗತ್ಯ. ಇಸ್ಕಿ ಮತ್ತು ಯೂನಿಕೋಡುಗಳು ಲಿಪಿಯ ಘಟಕಗಳಿಗೆ ಸಂಕೇತ ಕೊಡುತ್ತವೆ. ‘ಕಿ’ ಎಂಬುದು ಅವುಗಳಲ್ಲಿ ಕಕಾರ ಮತ್ತು ಇಕಾರದ ಚಿಹ್ನೆ ಎಂಬ ಎರಡು ಘಟಕಗಳ ಸರಣಿ. ‘ಸ್ತ್ರೀ’ ಎಂಬುದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂಬ ಆರರ ಸರಣಿ. ಪರದೆಯ ಮೇಲೆ ಅದು ಹೇಗೆ ಕಾಣಬೇಕೆಂಬುದು ಬೇರೆಯೇ ತಂತ್ರಾಂಶದ ಕೆಲಸ. ಇದಕ್ಕೆ ವಿರುದ್ಧವಾಗಿ 1990ರ ದಶಕದ ಫಾಂಟುಗಳು ಇಂಗ್ಲಿಷಿಗೆಂದು ಮಾಡಿದ 256 ಸ್ಥಾನಗಳಲ್ಲಿ ಅಕ್ಷರಗಳ ಆಕಾರಗಳನ್ನು ಕೂರಿಸಿದವು. ಅಲ್ಲಿ ‘ಕಿ’ ಒಂದೇ ಆಕಾರ. ಅದರೊಳಗೆ ಕಕಾರವಿದೆ ಎಂಬುದು ಗಣಕಕ್ಕೆ ತಿಳಿಯದು. ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಬಳಿಕವೇ ದಾಖಲಾಗುತ್ತಿತ್ತು, ನುಡಿಯುವ ಕ್ರಮದಲ್ಲಲ್ಲ. ಹೀಗೆ ಬರೆದ ಪಠ್ಯವನ್ನು ಅಕಾರಾದಿಯಾಗಿ ಜೋಡಿಸಲಾಗದು, ಹುಡುಕಲೂ ಆಗದು. ಫಾಂಟನ್ನು ತೆಗೆದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಜನ ಇದನ್ನು ‘ಆಸ್ಕಿ ಕನ್ನಡ’ ಎಂದು ಕರೆಯುತ್ತಾರೆ. ಹೆಸರು ಶಾಸ್ತ್ರೀಯವಾಗಿ ತಪ್ಪು, ಆದರೆ ರೂಢಿಯಲ್ಲಿ ನಿಂತುಬಿಟ್ಟಿದೆ. ನಾವೂ ಅದನ್ನೇ ಬಳಸುತ್ತೇವೆ.

ಭಾಷಾವಿಜ್ಞಾನಿಯ ಕಣ್ಣಿಗೆ ಎರಡನೆಯದು ನಿಕೃಷ್ಟವಾಗಿ ಕಂಡೀತು. ಮುದ್ರಕನಿಗೆ ಅದು ಸಾಕಾಗಿತ್ತು, ಸಾಕಾಗುವುದಕ್ಕಿಂತಲೂ ಹೆಚ್ಚಾಗಿತ್ತು. ದಾವಣಗೆರೆಯ ಡಿಟಿಪಿ ಅಂಗಡಿಗೆ ಬರುವ ಗಿರಾಕಿ ಕರೆಯೋಲೆ, ಕರಪತ್ರ, ಬಿಲ್ ಪುಸ್ತಕ ಕೇಳುತ್ತಾನೆ. ಕಾಗದದ ಮೇಲೆ ಅಕ್ಷರ ಮುದ್ದಾಗಿ ಮೂಡಿದರೆ ಅವನ ಬೇಡಿಕೆ ತೀರಿತು; ಕಡತದೊಳಗಿನ ಸಂಕೇತ ಯಾವುದೆಂದು ಕೇಳುವ ಸಂದರ್ಭವೇ ಒದಗದು. ಆಕೃತಿ, ಶ್ರೀಲಿಪಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳು ತಮ್ಮ ತಮ್ಮ ಆಕಾರಪಟ್ಟಿಗಳೊಂದಿಗೆ ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸಿದವು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ತೆರೆಯದಿರುವುದು ಬಳಕೆದಾರರಿಗೆ ಕಷ್ಟ, ಮಾರುವವರಿಗೆ ಗಿರಾಕಿಯನ್ನು ಕಟ್ಟಿಹಾಕುವ ಹಗ್ಗ.

ಎರಡು ಕೀಲಿಮಣೆ, ಎರಡು ವ್ಯಾಕರಣ

ಈ ಗೊಂದಲಕ್ಕೆ ರಾಜ್ಯ ಸರ್ಕಾರ ಕಂಡುಕೊಂಡ ಪರಿಹಾರ ಚಾರಿತ್ರಿಕವಾಗಿ ವಿಚಿತ್ರವಾದುದು. ಶತಮಾನ ಬದಲಾಗುವ ಹೊತ್ತಿನಲ್ಲಿ, ಯೂನಿಕೋಡ್ ಹುಟ್ಟಿ ಸುಮಾರು ಒಂದು ದಶಕ ಕಳೆದ ಮೇಲೆ, ಅದು ಕನ್ನಡ ಗಣಕ ಪರಿಷತ್ತಿನ ನೆರವಿನಿಂದ ಏಕರೂಪದ ಆಕಾರಪಟ್ಟಿಯೊಂದನ್ನೂ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೊಂದನ್ನೂ ಶಿಷ್ಟವೆಂದು ಅಂಗೀಕರಿಸಿತು. ಎಂದರೆ ಚೂರುಗಳಿಗೇ ಶಿಷ್ಟತೆ ಬಂತು. ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಉಚಿತವಾಗಿ ಹಂಚಿಕೆಯಾಯಿತು. ಇದನ್ನು ಹಿಂದುಳಿದ ನಿರ್ಧಾರವೆಂದು ಇಂದು ಹಳಿಯುವುದು ಸುಲಭ. ಆ ಕಾಲದ ಯಂತ್ರಗಳನ್ನು ನೆನೆದರೆ ತೀರ್ಪು ಸ್ವಲ್ಪ ಮೆತ್ತಗಾಗಬೇಕು. ವಿಂಡೋಸ್ 2000ದಲ್ಲಿ ಹಿಂದಿ, ತಮಿಳುಗಳಿಗೆ ಬೆಂಬಲವಿತ್ತು, ಕನ್ನಡಕ್ಕಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟು ಬಂದರೂ, ಸಂಕೀರ್ಣ ಲಿಪಿಗಳ ಕಡತಗಳನ್ನು ಬಳಕೆದಾರರೇ ಸಿಡಿಯಿಂದ ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಿತ್ತು. ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಕೂರುವವರಿಂದ ಅದನ್ನು ನಿರೀಕ್ಷಿಸಲಾಗದು. ಹಳೆಯ ವಿಂಡೋಸ್ 98ರಲ್ಲಿ ಕೂಡಲೇ ಕೆಲಸ ಮಾಡುತ್ತಿದ್ದುದು ಆಸ್ಕಿ ಕನ್ನಡವೇ.

ಇದೇ ಅವಧಿಯಲ್ಲಿ, 1998ರಿಂದ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಉಚಿತವಾಗಿ ದೊರೆಯತೊಡಗಿತ್ತು. ನುಡಿ ಮತ್ತು ಬರಹಗಳ ನಡುವಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಅನುಕೂಲದ ಪ್ರಶ್ನೆಯಾಗಿ ಮಾತ್ರ ನೋಡಲಾಗಿದೆ. ನಮ್ಮ ಅಭಿಪ್ರಾಯದಲ್ಲಿ ಅವು ಕನ್ನಡ ಲಿಪಿಯ ಎರಡು ಭಿನ್ನ ವಿಶ್ಲೇಷಣೆಗಳು. ಕೆ.ಪಿ. ರಾವ್ ವಿನ್ಯಾಸದಲ್ಲಿ ವ್ಯಂಜನದ ಕೀಲಿಯನ್ನು ಒತ್ತಿದರೆ ಅಕಾರಸಹಿತವಾದ ‘ಕ’ ಮೂಡುತ್ತದೆ. ಸ್ವರದ ಕೀಲಿ ಅದನ್ನು ‘ಕಾ’, ‘ಕಿ’ ಎಂದು ಮಾರ್ಪಡಿಸುತ್ತದೆ. ಒತ್ತಕ್ಷರ ಬೇಕಾದಾಗ ಎಫ್ ಕೀಲಿ ವಿರಾಮವನ್ನು ಒದಗಿಸುತ್ತದೆ. ಇದು ಶಾಲೆಯ ಕಾಗುಣಿತದ ತರ್ಕ. ಬರಹದ ಲಿಪ್ಯಂತರ ಪದ್ಧತಿಯಲ್ಲಿ ಕೆ ಕೀಲಿಯಿಂದ ಮೂಡುವುದು ಅರ್ಧಾಕ್ಷರವಾದ ‘ಕ್’. ಅಕಾರವನ್ನೂ ಬೇರೆಯಾಗಿ ಒತ್ತಬೇಕು. ಇದು ಧ್ವನಿಮಾದ ತರ್ಕ, ಸಂಸ್ಕೃತ ವ್ಯಾಕರಣಕಾರರಿಗೆ ಪರಿಚಿತವಾದ ತರ್ಕವೂ ಹೌದು. ಆದರೆ ಅದು ಜನಪ್ರಿಯವಾದದ್ದು ವ್ಯಾಕರಣದ ದೆಸೆಯಿಂದಲ್ಲ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮಿಂಚಂಚೆ ಬರೆದು ರೂಢಿಯಾಗಿದ್ದ ಬೆರಳುಗಳಿಂದ. ಹೊರನಾಡಿನ ಕನ್ನಡಿಗರೂ ತಂತ್ರಜ್ಞರೂ ಬರಹದ ಕಡೆಗೆ, ಕಚೇರಿಯ ಬೆರಳಚ್ಚುಗಾರರೂ ಡಿಟಿಪಿಯವರೂ ನುಡಿಯ ಕಡೆಗೆ ಒಲಿದರೆಂದು ಸ್ಥೂಲವಾಗಿ ಹೇಳಬಹುದು. ಭಾರತ ಸರ್ಕಾರದ ಶಿಷ್ಟತೆಯಾದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಜೋಡಣೆಯನ್ನು ಒದಗಿಸುತ್ತದೆ. ಅದು 1986ರಿಂದಲೂ ಇದ್ದಿತು. ಕನ್ನಡದ ಜೊತೆಗೆ ತೆಲುಗನ್ನೂ ಒಡಿಯಾವನ್ನೂ ಬೆರಳಚ್ಚು ಮಾಡುವ ಅಗತ್ಯ ದಾವಣಗೆರೆಯಲ್ಲಿ ಯಾರಿಗಿತ್ತು? ಅದರ ಗುಣ ಆಡಳಿತಗಾರನಿಗೆ ಕಾಣುವ ಗುಣ, ಬಳಕೆದಾರನಿಗೆ ಕಾಣುವುದಲ್ಲ.

ಅರ್ಥಶಾಸ್ತ್ರದ ಚರಿತ್ರೆಕಾರ ಪಾಲ್ ಡೇವಿಡ್ 1985ರಲ್ಲಿ ಕ್ವೆರ್ಟಿ ಕೀಲಿಮಣೆಯ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ, ಮೊದಲು ಬೇರೂರಿದ ವಿನ್ಯಾಸವನ್ನು ಕಲಿತ ಬೆರಳುಗಳ ಸಂಖ್ಯೆಯೇ ಹೇಗೆ ಉಳಿಸಿಕೊಳ್ಳುತ್ತದೆಂದು ತೋರಿಸಿದರು. ನುಡಿಯ ವಿಷಯದಲ್ಲಿ ಆದದ್ದು ಅದೇ. ಅಡೋಬಿಯ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ 2001ರದು. ಅದು ಕನ್ನಡ ಯೂನಿಕೋಡನ್ನು ತಿಳಿಯದು. ಆದರೂ ಪುಟವಿನ್ಯಾಸಗಾರರ ಕೈ ಅದಕ್ಕೆ ಒಗ್ಗಿತ್ತು, ಸಂಗ್ರಹಿಸಿದ ಆಸ್ಕಿ ಫಾಂಟುಗಳ ವೈವಿಧ್ಯ ಯೂನಿಕೋಡಿನಲ್ಲಿ ಇರಲಿಲ್ಲ. ಆದ್ದರಿಂದ ಮುದ್ರಣರಂಗ ಬಹುಕಾಲ ಹಳೆಯ ಸಂಕೇತಕ್ಕೆ ಅಂಟಿಕೊಂಡಿತು. ಬಳಕೆದಾರರ ಬೇಡಿಕೆ ಹೊಸ ಶಿಷ್ಟತೆಯನ್ನು ಮುಂದೆ ತಳ್ಳುತ್ತದೆಂಬ ಮಾತನ್ನು ಒಪ್ಪುವವರು, ಅದೇ ಬೇಡಿಕೆ ಅದನ್ನು ಹಿಂದಕ್ಕೂ ಹಿಡಿದೆಳೆಯುತ್ತದೆಂದು ಒಪ್ಪಬೇಕಾಗುತ್ತದೆ.

ಪಹಣಿ

ದತ್ತಸಂಚಯದ ಕಥೆ ಬೇರೆ. 2000–01ರ ಸುಮಾರಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಮುದ್ರಿತ ಪಹಣಿಯ ಶುಲ್ಕ ಆಗ 15 ರೂಪಾಯಿ ಇತ್ತು. ಕೈಬರಹದ ಪಹಣಿಯ ಮಾನ್ಯತೆ ನಿಂತಿತು. ಇಲ್ಲಿ ಆಕಾರಗಳ ಸಂಕೇತ ಕೆಲಸಕ್ಕೆ ಬಾರದು. ಸರ್ವೆ ನಂಬರಿನಿಂದಲೂ ಹೆಸರಿನಿಂದಲೂ ದಾಖಲೆಯನ್ನು ಹುಡುಕಿ ತೆಗೆಯಬೇಕು, ವಿಂಗಡಿಸಬೇಕು. ಹೀಗಾಗಿ ಅದು ಸಿ-ಡ್ಯಾಕಿನ ತಂತ್ರಜ್ಞಾನದ ಮೂಲಕ ಇಸ್ಕಿಯ ದಾರಿ ಹಿಡಿಯಿತು. ಒಂದೇ ತಾಲ್ಲೂಕು ಕಚೇರಿಯಲ್ಲಿ ಪತ್ರವ್ಯವಹಾರ ನುಡಿಯಲ್ಲಿ, ದತ್ತಸಂಚಯ ಇಸ್ಕಿಯಲ್ಲಿ, ಕೇಂದ್ರಕ್ಕೆ ಹೋಗುವ ತಖ್ತೆ ಇಂಗ್ಲಿಷಿನಲ್ಲಿ ಎಂಬ ಸ್ಥಿತಿ ಉಂಟಾಯಿತು. ಮಾಯಕೊಂಡದ ರೈತ ದಾವಣಗೆರೆಗೆ ಬಂದು ಸಾಲಿನಲ್ಲಿ ನಿಂತದ್ದು ಪಹಣಿಗಾಗಿ, ಅದೂ ಬೆಳೆಸಾಲ ಪಡೆಯುವ ಸಲುವಾಗಿ. ಇಸ್ಕಿ ಎಂಬ ಹೆಸರನ್ನು ಕೇಳದೆಯೇ ಅದರ ಅತಿ ದೊಡ್ಡ ಗ್ರಾಹಕವರ್ಗವಾದವರು ಈ ರೈತರು. ಮುಂದೆ ನೆಮ್ಮದಿ ಕೇಂದ್ರಗಳೂ ನಾಡಕಚೇರಿಗಳೂ ಹೋಬಳಿಯವರೆಗೆ ಬಂದಂತೆ ದಾರಿ ಹತ್ತಿರವಾಯಿತು.

ಭಾಷಾವಿಜ್ಞಾನಿಗಳು ಈ ದಾಖಲೆಗಳತ್ತ ಗಮನ ಹರಿಸಬೇಕಾದ ಕಾರಣ ಹೆಸರುಗಳಲ್ಲಿದೆ. ‘ಬಿನ್’, ‘ಕೋಂ’ ಎಂಬ ಸಂಬಂಧಸೂಚಕಗಳ ಜೊತೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಹೆಸರುಗಳು ದತ್ತ ನಮೂದಿಸುವವರ ಕಿವಿ ಮತ್ತು ಕಣ್ಣುಗಳ ಮೂಲಕ ಹಾದು ಗಣಕಕ್ಕೆ ಬಂದವು. ಹನುಮಂತಪ್ಪ, ಹನ್ಮಂತಪ್ಪ, ಹಣಮಂತಪ್ಪ, ಬಸವರಾಜಪ್ಪ, ಬಸ್ವರಾಜಪ್ಪ. ಮಾತಿನಲ್ಲಿ ನಡುವಿನ ಹ್ರಸ್ವಸ್ವರ ಲೋಪವಾಗುವುದು ಕನ್ನಡದ ಉಪಭಾಷೆಗಳಲ್ಲಿ ಸಹಜ; ಮನುಷ್ಯ ಓದುಗನಿಗೆ ಇವು ಒಂದೇ ಹೆಸರಿನ ರೂಪಗಳು, ಗಣಕಕ್ಕೆ ಬೇರೆ ಬೇರೆ ವ್ಯಕ್ತಿಗಳು. ಆಧಾರ್ ಬಂದಾಗ ಹೆಸರು ಇಂಗ್ಲಿಷಿನಲ್ಲಿ ದಾಖಲಾಗಿ, ಯಂತ್ರದ ಲಿಪ್ಯಂತರದಿಂದ ಕನ್ನಡಕ್ಕೆ ಇಳಿಯಿತು. ತಿದ್ದುವ ಹೊಣೆ ನೋಂದಣಿ ಮೇಜಿನಲ್ಲಿ ಕೂತವರದಾಯಿತು. ಇಂಗ್ಲಿಷಿನ ಒಂದೇ ಅಕ್ಷರ ನಕಾರ ಣಕಾರಗಳಿಗೂ, ಲಕಾರ ಳಕಾರಗಳಿಗೂ, ಹ್ರಸ್ವ ದೀರ್ಘಗಳಿಗೂ ನಿಲ್ಲಬೇಕಾದಾಗ ಏನಾಗುತ್ತದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಪಹಣಿಗೆ ಆಧಾರ್ ಜೋಡಿಸುವ, ಸಹಾಯಧನವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಈ ದಿನಗಳಲ್ಲಿ ಸ್ವರಲೋಪವೊಂದು ಹಣದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ಯೂನಿಕೋಡಿಗೆ ಹೋದ ಮಾತ್ರಕ್ಕೆ ಇದು ಬಗೆಹರಿಯದು. ಸಂಕೇತ ಒಂದಾದರೂ ಕಾಗುಣಿತ ಒಂದಾಗಿಲ್ಲ. ಹೆಸರುಗಳ ರೂಪಭೇದಗಳನ್ನು ಉಪಭಾಷೆಯ ನಿಯಮಗಳ ಆಧಾರದ ಮೇಲೆ ಹೊಂದಿಸುವ ಕೆಲಸ ಭಾಷಾವಿಜ್ಞಾನಿಗಳದೇ ಹೊರತು ತಂತ್ರಜ್ಞರದಲ್ಲ.

ಊರಿನ ಹೆಸರಿಗೂ ಇದೇ ಪಾಡು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ದಾವಣಗೆರೆ ಆ ಪಟ್ಟಿಯಲ್ಲಿರಲಿಲ್ಲ. ರೋಮನ್ ಲಿಪಿಯಲ್ಲಿ ಊರಿನ ಹೆಸರು ‘ದಾವಣ್‌ಗೆರೆ’ ಎಂದೂ ‘ದಾವಣಗೆರೆ’ ಎಂದೂ ಎರಡು ಬಗೆಯಾಗಿ ಇಂದಿಗೂ ನಡೆಯುತ್ತಿದೆ.

ಕೈಫೋನು

ಯೂನಿಕೋಡ್ ಹೋಬಳಿಗೆ ಬಂದದ್ದು ಕೈಫೋನಿನ ಮೂಲಕ. ಅದರ ಮೊದಲ ಘಟ್ಟ ಕನ್ನಡಕ್ಕೆ ಪ್ರತಿಕೂಲವಾಗಿಯೇ ಇತ್ತು. ಎಸ್ಸೆಮ್ಮೆಸ್ಸಿನಲ್ಲಿ ರೋಮನ್ ಲಿಪಿಯ 160 ಅಕ್ಷರಗಳಿಗೆ ಜಾಗವಿದ್ದರೆ ಕನ್ನಡ ಘಟಕಗಳಿಗೆ 70 ಮಾತ್ರ. ‘ಸ್ತ್ರೀ’ ಎಂಬ ಒಂದು ಅಕ್ಷರ ಆರು ಘಟಕಗಳನ್ನು ನುಂಗುವಾಗ ಕನ್ನಡದಲ್ಲಿ ಬರೆದವನು ದುಪ್ಪಟ್ಟಿಗಿಂತ ಹೆಚ್ಚು ತೆರಬೇಕಾದೀತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಈ ಮಿತಿಯನ್ನು ಸಡಿಲಿಸುವ ವಿಶೇಷ ಅಕ್ಷರಕೋಷ್ಟಕಗಳನ್ನು ಅಂತರರಾಷ್ಟ್ರೀಯ ದೂರಸಂಪರ್ಕ ನಿಯಮಾವಳಿಯಲ್ಲಿ ಸೇರಿಸಲಾಯಿತು. ಅವು ಕಾಗದದ ಮೇಲೆಯೇ ಉಳಿದವೆನ್ನಬಹುದು. ಕಳಿಸುವವನ ಫೋನೂ ಪಡೆಯುವವನ ಫೋನೂ ಒಟ್ಟಿಗೆ ಬದಲಾಗದ ಹೊರತು ಯಾರಿಗೂ ಅದರಿಂದ ಲಾಭವಿರಲಿಲ್ಲ. ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು.

ಎರಡನೆಯ ಘಟ್ಟದಲ್ಲಿ ಅಂತರಜಾಲದಲ್ಲಿ ಕನ್ನಡ ಬೆಳೆಯಿತು. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಆರಂಭವಾಗಿತ್ತು. ಕನ್ನಡ ವಿಕಿಪೀಡಿಯ 2003ರಲ್ಲಿ, ‘ಸಂಪದ’ 2005ರಲ್ಲಿ ಬಂದವು. ಶೋಧಕ ಯಂತ್ರಕ್ಕೆ ಸಿಗುವುದು ಯೂನಿಕೋಡ್ ಪಠ್ಯ ಮಾತ್ರವೆಂದು ಅರಿವಾದಂತೆ ದಿನಪತ್ರಿಕೆಗಳ ಜಾಲತಾಣಗಳೂ ತಮ್ಮ ಫಾಂಟುಗಳನ್ನು ಬಿಟ್ಟು ಬಂದವು. ಓದಲು ಪಠ್ಯವಿತ್ತು, ಫೋನಿನಲ್ಲಿ ಕಾಣುತ್ತಿದ್ದುದು ಖಾಲಿ ಡಬ್ಬಿಗಳು. ಆಗ ಒಪೆರಾ ಮಿನಿ ಎಂಬ ವೀಕ್ಷಕದ ಒಳಗಿನ ಆಯ್ಕೆಯೊಂದು ಬಾಯಿಂದ ಬಾಯಿಗೆ ಹರಡಿತು: ಸಂಕೀರ್ಣ ಲಿಪಿಗಳನ್ನು ಚಿತ್ರಗಳಾಗಿ ತೋರಿಸು ಎಂಬುದು. ಕನ್ನಡವು ದೂರದ ಗಣಕದಲ್ಲಿ ಚಿತ್ರವಾಗಿ ರೂಪುಗೊಂಡು ಫೋನಿಗೆ ಇಳಿಯುತ್ತಿತ್ತು. ಬೇಡಿಕೆ ಎಂದರೆ ಏನೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ನಮಗೆ ಸಿಕ್ಕಿಲ್ಲ. 2012ರಲ್ಲಿ ಆಂಡ್ರಾಯ್ಡಿನ 4.1ನೆಯ ಆವೃತ್ತಿ ಕನ್ನಡ, ತೆಲುಗು, ಮಲಯಾಳಗಳನ್ನು ಸರಿಯಾಗಿ ತೋರಿಸತೊಡಗಿತು. ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರಕ್ಕಿಷ್ಟು ಎಂಬ ಲೆಕ್ಕವಿರಲಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ದತ್ತಾಂಶದ ಬೆಲೆಯೂ ಕುಸಿಯಿತು. ರಾಜ್ಯ ಸರ್ಕಾರ ಚಿದಾನಂದಗೌಡರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ ಯೂನಿಕೋಡನ್ನು ಅಂಗೀಕರಿಸಿದ್ದು ಈ ದಶಕದ ಆರಂಭದಲ್ಲೇ. ಕೈಫೋನುಗಳಲ್ಲಿ ಭಾರತೀಯ ಭಾಷೆಗಳ ಬೆಂಬಲವನ್ನು ವಿಧಿಸುವ ಐಎಸ್ 16333ರ ಮೂರನೆಯ ಭಾಗ 2016ರದು. ಆದೇಶವೂ ಬಳಕೆಯೂ ಹೀಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆದಿರುವುದರಿಂದ ಯಾವುದು ಯಾವುದನ್ನು ಎಳೆಯಿತೆಂಬ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಆದೇಶವಿದ್ದ ಕಚೇರಿಗಳಲ್ಲಿ ನುಡಿಯ ಆಸ್ಕಿ ಕಡತಗಳು ಮುಂದುವರಿದವು, ಆದೇಶವೇ ಇಲ್ಲದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯೂನಿಕೋಡ್ ಪೂರ್ಣವಾಗಿ ನೆಲೆಸಿತು ಎಂಬುದನ್ನು ನಾವು ನಿರ್ಣಾಯಕವೆಂದು ಎಣಿಸುತ್ತೇವೆ.

ಹೋಲಿಕೆಗೆ ಬರ್ಮೀ ಲಿಪಿಯ ಪ್ರಸಂಗ ಉಪಯುಕ್ತ. ಅಲ್ಲಿ ‘ಜಾಗ್ಯಿ’ ಎಂಬ ಫಾಂಟು ಯೂನಿಕೋಡಿನ ಬರ್ಮೀ ಸ್ಥಾನಗಳಲ್ಲೇ ತನ್ನ ಆಕಾರಗಳನ್ನು ಕೂರಿಸಿ ಫೋನುಗಳಿಗೆ ಹೊಕ್ಕಿತ್ತು. 2019ರ ಅಕ್ಟೋಬರ್ 1ರಂದು ದೇಶವೇ ದಿನ ಗೊತ್ತುಮಾಡಿ ಯೂನಿಕೋಡಿಗೆ ದಾಟಬೇಕಾಯಿತು. ಕನ್ನಡದ ಆಸ್ಕಿ ಫಾಂಟುಗಳು ಫೋನನ್ನು ಪ್ರವೇಶಿಸಲೇ ಇಲ್ಲ. ನುಡಿಗೆ ಗಣಕದಲ್ಲಿದ್ದ ಗೆಲುವು ಕೈಫೋನಿಗೆ ವರ್ಗವಾಗದಿದ್ದುದು ಕನ್ನಡದ ಪಾಲಿಗೆ ಭಾಗ್ಯವೆನ್ನಬೇಕು.

ಉಳಿದ ಗುರುತುಗಳು

ಫೋನಿನ ಕೀಲಿಮಣೆ ಕನ್ನಡದ ಕಾಗುಣಿತದ ಮೇಲೂ ಕೈಯಿಟ್ಟಿದೆ. ಯೂನಿಕೋಡಿನಲ್ಲಿ ‘ಸಾಫ್ಟ್‌ವೇರ್’ ಎಂದು ಬರೆಯಲು ಟಕಾರದ ಬಳಿಕ ಕಣ್ಣಿಗೆ ಕಾಣದ, ಅಗಲವಿಲ್ಲದ ವಿಯೋಜಕ ಚಿಹ್ನೆಯೊಂದು ಬೇಕು. ಇಲ್ಲದಿದ್ದರೆ ವಕಾರ ಒತ್ತಾಗಿ ‘ಸಾಫ್ಟ್ವೇರ್’ ಎಂದಾಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತನ್ನು ತಡೆಯಲು ಇನ್ನೊಂದು ಅದೃಶ್ಯ ಚಿಹ್ನೆ ಬೇಕು. ಈ ಚಿಹ್ನೆಗಳನ್ನು ಹುಡುಕಿ ಒತ್ತುವ ತಾಳ್ಮೆಯಿಲ್ಲದವರು ನಡುವೆ ತೆರಪು ಬಿಟ್ಟು ‘ಸಾಫ್ಟ್ ವೇರ್’ ಎಂದು ಬರೆಯುತ್ತಾರೆ. ಹೀಗೆ ಒಂದೇ ಎರವಲು ಪದಕ್ಕೆ ಪಠ್ಯಕೋಶದಲ್ಲಿ ಮೂರು ರೂಪಗಳು. ಆಕೃತಿಮಾದ ಗಡಿಯನ್ನು ಬರಹಗಾರರು ಎಲ್ಲಿ ಅನುಭವಿಸುತ್ತಾರೆಂಬುದಕ್ಕೆ ಇದು ಅಮೂಲ್ಯ ಸಾಕ್ಷ್ಯ. ಪದಗಳ ಆವರ್ತನವನ್ನು ಎಣಿಸುವವರಿಗೆ ದೊಡ್ಡ ಕಿರಿಕಿರಿ. ಆಸ್ಕಿಯ ಕಾಲದ ಪಠ್ಯಗಳನ್ನು ಪರಿವರ್ತಿಸುವಾಗ ಅರ್ಕಾವತ್ತು ಸ್ಥಾನ ತಪ್ಪುವುದು, ಒತ್ತಕ್ಷರ ಕಳಚುವುದು ಇನ್ನೊಂದು ಬಗೆ. ಈ ಸೀಮೆಯ ಎರಡು ದಶಕಗಳ ಸ್ಥಳೀಯ ಪತ್ರಿಕೆಗಳು, ಅಭಿನಂದನ ಗ್ರಂಥಗಳು, ಸಂಶೋಧನ ಪ್ರಬಂಧಗಳು, ಜನಪದ ಸಂಗ್ರಹಗಳು ಬಹುಪಾಲು ಪೇಜ್‌ಮೇಕರ್ ಮತ್ತು ನುಡಿಯ ಕಡತಗಳಾಗಿ ಹುಟ್ಟಿದವು. ಆಡುಮಾತಿನ ಹಲವು ಪದಗಳು ಮೊದಲ ಸಲ, ಬಹುಶಃ ಕೊನೆಯ ಸಲವೂ, ಅಚ್ಚಾದದ್ದು ಅವುಗಳಲ್ಲಿ. ಅವನ್ನು ತೆರೆಯಬಲ್ಲ ಯಂತ್ರಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ, ಪರಿವರ್ತನೆಗೆ ಹಣ ಕೊಡುವ ಗಿರಾಕಿಯಿಲ್ಲ.

ಗಿರಾಕಿಯಿಲ್ಲದ ಅಕ್ಷರಗಳ ಗತಿಯನ್ನೂ ನೋಡಬಹುದು. ಹಳಗನ್ನಡದ ೞಕಾರವು ಯೂನಿಕೋಡಿನ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರಿನಿಂದ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಆ ಹೆಸರು ಈಗಲೂ ಹಾಗೆಯೇ ಇದೆ. ಸರಿಯಾದ ಹೆಸರು ಪರ್ಯಾಯವಾಗಿ ಮಾತ್ರ ಸೇರಿದೆ. ದಿನವೂ ಬಳಸುವ ಅಕ್ಷರವೊಂದಕ್ಕೆ ಇಂತಹ ಪ್ರಮಾದ ನಡೆದಿದ್ದರೆ ಇಷ್ಟು ಸದ್ದಿಲ್ಲದೆ ಉಳಿಯುತ್ತಿರಲಿಲ್ಲ. ಇನ್ನೊಂದು ಕಡೆ, ಹಳಗನ್ನಡದ ಬರಹಗಳಲ್ಲಿ ಕಾಣುವ ನಕಾರ ಪೊಲ್ಲು ವಿದ್ವಾಂಸರ ಕೋರಿಕೆಯಿಂದ 2021ರಲ್ಲಿ, ಯೂನಿಕೋಡಿನ 14ನೆಯ ಆವೃತ್ತಿಯಲ್ಲಿ ಸ್ಥಾನ ಪಡೆಯಿತು. ಸ್ಥಾನ ದೊರೆತ ಮಾತ್ರಕ್ಕೆ ಫಾಂಟು ದೊರೆಯದು, ಕೀಲಿಮಣೆಯಲ್ಲಿ ಕೀಲಿಯೂ ದೊರೆಯದು. ಅವನ್ನು ಕೇಳಬೇಕಾದವರು ಹಳಗನ್ನಡ ಪಠ್ಯಗಳನ್ನು ಸಂಪಾದಿಸುವವರು ಮತ್ತು ಅವರ ಸಂಶೋಧನ ವಿದ್ಯಾರ್ಥಿಗಳು.